ಧರ್ಣಪ್ಪಣ್ಣ ಕಟ್ಟಿದ ಬೆಲೆ

ಕೋಣಕ್ಕೆ ಬೆಲೆ ಕಟ್ಟುವ ಮೊದಲು ಧರ್ಣಪ್ಪಣ್ಣ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಅದರ ಪಕ್ಕೆಲುಬಿನ ಮೇಲೆ ಅಂಗೈ ಇಟ್ಟು ಹಾಗೇ ನಿಂತುಬಿಡುವರು. ಕೊಳ್ಳುವವರು, ಮಾರುವವರು, ಸುಮ್ಮನೆ ನೋಡಲು ಬಂದವರು, ಎಲ್ಲರೂ ಬಾಯಿ ಮುಚ್ಚಿಕೊಂಡು ಕಾಯಬೇಕು. ದಾವಣಗೆರೆ ಕಡೆಯಿಂದ ಸಿದ್ಧಕಟ್ಟೆಗೆ ಪಶುವೈದ್ಯೆಯಾಗಿ ಹೊಸದಾಗಿ ಬಂದಿದ್ದ ನನಗೆ ಮೊದಲ ಸಲ ನಗು ಬಂದಿತ್ತು. ಅಂದು ಅವರು ಕಣ್ಣು ತೆರೆದು, ಇದರ ಎಡಗಡೆಯ ಉಸಿರು ಸರಿಯಿಲ್ಲ ಎಂದರು. ಸ್ಟೆತಸ್ಕೋಪ್ ಹಚ್ಚಿ ನೋಡಿದೆ. ಎಡಗಡೆಯ ಶ್ವಾಸಕೋಶದಲ್ಲಿ ಗೊರಗೊರ ಸದ್ದು. ನನ್ನ ನಗು ಅಲ್ಲಿಗೇ ನಿಂತಿತು.

ವಿಮೆಯ ಅರ್ಜಿಯಲ್ಲಿ ‘ಮಾರುಕಟ್ಟೆ ಬೆಲೆ’ ಎಂದು ಬರೆಯಬೇಕಾದ ಜಾಗ ಬಂದಾಗಲೆಲ್ಲ ನನಗೆ ಪೇಚಾಟ. ನಮ್ಮೂರಿನಲ್ಲಿ ಎಮ್ಮೆಯ ಬೆಲೆ ಅದು ಕೊಡುವ ಹಾಲಿನ ಮೇಲೆ, ಅಷ್ಟೇ. ಇಲ್ಲಿ ಕಂಬಳದ ಒಂದು ಕೋಣಕ್ಕೆ ಕಾರಿನ ಬೆಲೆ, ಅದೇ ಹಟ್ಟಿಯ ಇನ್ನೊಂದಕ್ಕೆ ಹಳೆ ಬೈಕಿನ ಬೆಲೆ. ಎರಡೂ ಕಪ್ಪು, ಎರಡೂ ತಿನ್ನುವುದು ಒಂದೇ ಹುರುಳಿ. ಹಲ್ಲು, ಗೊರಸು, ತಳಿ, ಗೆದ್ದ ಪದಕ, ಇವನ್ನೆಲ್ಲ ನೋಡಲು ಕಲಿಸಿದವರು ಧರ್ಣಪ್ಪಣ್ಣನೇ. ಆದರೆ ಮೂಡುಬಿದಿರೆಯ ಕಂಬಳಕ್ಕೆ ನನ್ನನ್ನು ಕರೆದುಕೊಂಡು ಹೋದವರು ಓಟಕ್ಕೇ ಬೆನ್ನು ಹಾಕಿ ನಿಂತರು. ಕೋಣಗಳು ಓಡಿ ಮುಗಿಸಿ ಏರಿ ನಿಲ್ಲುವ ಮಂಜೊಟ್ಟಿಯ ಕಡೆಗೇ ಅವರ ಕಣ್ಣು.

“ಓಡುವುದನ್ನು ಎಲ್ಲರೂ ನೋಡ್ತಾರೆ ಡಾಕ್ಟರಮ್ಮ. ಓಡಿ ಬಂದ ಮೇಲೆ ಉಸಿರು ಎಷ್ಟು ಬೇಗ ತಣಿಯುತ್ತದೆ, ಅದನ್ನು ನೋಡಬೇಕು. ಬೆಲೆ ಉಂಟಲ್ಲ, ಅದು ಅಲ್ಲಿ ಉಂಟು” ಎಂದರು.

ಅವರದ್ದೂ ಒಂದು ಜೋಡಿಯಿತ್ತು, ಪದಕಗಳನ್ನು ಬಾಚಿಕೊಂಡು ಬಂದ ಜೋಡಿ. ಕಳೆದ ವರ್ಷ ಬಲಗಡೆ ಓಡುತ್ತಿದ್ದ ಕೋಣ ಹೊಟ್ಟೆಯುಬ್ಬರದಿಂದ ಸತ್ತಿತು. ನಾನು ಪಕ್ಕದಲ್ಲೇ ಇದ್ದೆ, ಉಳಿಸಿಕೊಳ್ಳಲಾಗಲಿಲ್ಲ. ಅದೇ ಹೊತ್ತಿಗೆ ಅವರ ಹೆಂಡತಿ ಗುಲಾಬಿಯಕ್ಕನ ಮೂತ್ರಪಿಂಡ ಕೈಕೊಟ್ಟಿತ್ತು. ವಾರಕ್ಕೆರಡು ಸಲ ಬಿ.ಸಿ.ರೋಡಿನಲ್ಲಿ ಬಸ್ಸು ಬದಲಿಸಿ ಮಂಗಳೂರಿಗೆ ಡಯಾಲಿಸಿಸ್‌ಗೆ ಹೋಗಬೇಕಿತ್ತು.

ಉಳಿದ ಕೋಣವನ್ನು ಕೇಳಿಕೊಂಡು ಫರಂಗಿಪೇಟೆಯ ಒಬ್ಬ ವ್ಯಾಪಾರಿ ಬಂದ. ಆರೋಗ್ಯದ ಸರ್ಟಿಫಿಕೇಟ್ ಬರೆಯಲು ನಾನೂ ಹೋಗಿದ್ದೆ. ಅವನು ಹೇಳಿದ ಮೊತ್ತ ಕೇಳಿ ನನಗೆ ತಲೆ ತಿರುಗಿತು. ಆಸ್ಪತ್ರೆಯ ಖರ್ಚಿಗೆ ವರ್ಷಗಟ್ಟಲೆ ಸಾಕಾಗುವಷ್ಟು ಹಣ. ಒಪ್ಪಿಕೊಳ್ಳಲಿ ದೇವರೇ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

ಧರ್ಣಪ್ಪಣ್ಣ ಕೋಣದ ಹಗ್ಗ ಹಿಡಿದುಕೊಂಡೇ ಹೇಳಿದರು: “ಇದು ಎಡದ್ದು. ಬಲದವನ ಹೆಜ್ಜೆ ಹಿಡಿದು ಓಡ್ತಿತ್ತು. ಪದಕ ಎಲ್ಲ ಸತ್ತವನದ್ದು. ಇದಕ್ಕೆ ಗದ್ದೆ ಉಳುವ ಕೋಣದ ಬೆಲೆ. ನೀವು ಹೆಚ್ಚು ಕೊಟ್ಟು ಕೊಂಡು ಹೋದರೆ, ನಾಳೆ ಓಡದಿದ್ದಾಗ ಪೆಟ್ಟು ತಿನ್ನುವುದು ಇದು.”

ವ್ಯಾಪಾರಿ ನಕ್ಕ. ಇದು ಚೌಕಾಸಿಯ ಹೊಸ ವರಸೆ ಎಂದುಕೊಂಡು ಇನ್ನೂ ಒಂದು ಲಕ್ಷ ಏರಿಸಿದ. ಧರ್ಣಪ್ಪಣ್ಣ ಕೋಣವನ್ನು ಹಟ್ಟಿಗೆ ಹೊಡೆದುಕೊಂಡು ಹೋದರು.

ನನಗೆ ಸಿಟ್ಟು ತಡೆಯಲಾಗಲಿಲ್ಲ. ನೀವು ಸುಳ್ಳು ಹೇಳಬೇಕಾಗಿರಲಿಲ್ಲ, ಸುಮ್ಮನಿದ್ದರೆ ಸಾಕಿತ್ತಲ್ಲ ಎಂದು ಹಟ್ಟಿಗೇ ಹೋಗಿ ಜಗಳ ತೆಗೆದೆ. ಅವರು ಕೋಣಕ್ಕೆ ಹುಲ್ಲು ಹಾಕುತ್ತಾ, “ಊರಿನ ಕೋಣಕ್ಕೆಲ್ಲ ಒಂದು ಬಾಯಿ, ನನ್ನದಕ್ಕೆ ಇನ್ನೊಂದು ಬಾಯಿ ಮಾಡ್ಲಿಕ್ಕೆ ಆಗ್ತದಾ?” ಎಂದರು. ಅವರನ್ನು ಕಂಡು ನನಗೆ ಒಂಥರಾ ಭಯವೇ ಆಯಿತು. ಅಷ್ಟು ನೆಟ್ಟಗಿನ ಮನುಷ್ಯನನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

ಈ ವರ್ಷ ಮಳೆಗೆ ಮುಂಚೆ ಎದೆನೋವು ಬಂದು ಧರ್ಣಪ್ಪಣ್ಣ ತೀರಿಕೊಂಡರು. ಉತ್ತರಕ್ರಿಯೆ ಮುಗಿದು ವಾರವಾಗಿರಲಿಲ್ಲ, ಆ ವ್ಯಾಪಾರಿ ಮತ್ತೆ ಬಂದ. ಗುಲಾಬಿಯಕ್ಕನನ್ನು ನೋಡಿಕೊಂಡು ಹೋಗಲು ನಾನೂ ಬಂದಿದ್ದೆ. ಅಡ್ಡ ಹೇಳುವವರು ಈಗ ಇಲ್ಲವಲ್ಲ ಎಂಬ ಧೈರ್ಯ ಅವನಿಗೆ. ಲಕ್ಷ ಏರಿಸಿದ ಅದೇ ಮೊತ್ತವನ್ನು ಮತ್ತೆ ಹೇಳಿದ. ಗುಲಾಬಿಯಕ್ಕ ಆಗಷ್ಟೇ ಮಂಗಳೂರಿನಿಂದ ಬಂದು ಜಗಲಿಯಲ್ಲಿ ಕುಳಿತಿದ್ದರು, ತೋಳಿನಲ್ಲಿ ಸೂಜಿಯ ಪಟ್ಟಿ ಹಾಗೇ ಇತ್ತು. ನಾನು ಅವರ ಮುಖವನ್ನೇ ನೋಡಿದೆ.

“ಅವರು ಬೆಲೆ ಹೇಳಿ ಆಗಿದೆಯಲ್ಲ” ಎಂದರು ಗುಲಾಬಿಯಕ್ಕ. “ಆ ಬೆಲೆಗೆ ಬೇಕಾದರೆ ಕೊಂಡು ಹೋಗಿ.”