ಟಿವಿಯಲ್ಲಿ ನೀಲಿಯಾದ ಮೊಮ್ಮಗಳು

ಮೊಮ್ಮಗಳು ಹುಟ್ಟಿದ ಸುದ್ದಿ ಬಂದಾಗ ನನ್ನ ಬಲಗಾಲು ಪ್ಲಾಸ್ಟರಿನಲ್ಲಿತ್ತು. ಬಚ್ಚಲಲ್ಲಿ ಜಾರಿ ಬಿದ್ದಿದ್ದೆ. ಕುಣಿಯೋಣವೆಂದರೆ ಉಳಿದದ್ದು ಒಂದೇ ಕಾಲು. ಮಂಚದ ಮೇಲೆ ಕೂತು ಆ ಒಂದರಲ್ಲೇ ಕುಣಿದೆ. ಮಂಚ ಕಿರುಗುಟ್ಟಿತು, ಕೆಳಗಿನ ಮನೆಯವರು ಸೂರು ಬಡಿದರು. ಬಡೀಲಿ.

ಸೊಸೆ ಹೆರಿಗೆಗೆಂದು ಧಾರವಾಡದ ತವರಿಗೆ ಹೋಗಿದ್ದಳು. ನಾವು ಹೈದರಾಬಾದಿನ ಮಣಿಕೊಂಡದಲ್ಲಿ, ನಾಲ್ಕನೇ ಮಹಡಿಯಲ್ಲಿ. ಕಂಪ್ಯೂಟರ್ ಆಫೀಸುಗಳ ದೆಸೆಯಿಂದ ಅಲ್ಲಿ ದಿನಾ ಒಂದು ಬಂಡೆ ಒಡೆದು ಅದರ ಜಾಗದಲ್ಲಿ ಒಂದು ಅಪಾರ್ಟ್‌ಮೆಂಟು ಎಬ್ಬಿಸುತ್ತಿದ್ದ ಕಾಲ. ಪ್ಲಾಸ್ಟರ್ ಹೊತ್ತು ಧಾರವಾಡಕ್ಕೆ ಹೋಗುವ ಹಾಗಿರಲಿಲ್ಲ.

ಫೋನಿನಲ್ಲಿ ಬೀಗತಿ ಎಲ್ಲ ಹೇಳಿದರು. ತೂಕ ಹೇಳಿದರು, ಹುಟ್ಟಿದ ಗಳಿಗೆ ಹೇಳಿದರು, ತಲೆತುಂಬ ಕೂದಲು ಅಂದರು. “ಯಾರ ಹಂಗ ಐತ್ರಿ ಕೂಸು?” ಎಂದು ಕೇಳಿದರೆ ಮಾತ್ರ, “ಭಾಳ ಲಕ್ಷಣ ಐತ್ರಿ” ಎಂದು ಹಾರಿಸಿಬಿಡುತ್ತಿದ್ದರು.

ನಾನು ಕಪ್ಪು. ರೊಟ್ಟಿ ಹೆಂಚಿನ ಪಕ್ಕ ನಿಂತರೆ ಯಾವುದು ನಾನು ಎಂದು ಕೇಳಬೇಕು, ಅಷ್ಟು. ಇದ್ದೊಬ್ಬ ಮಗ ಅಪ್ಪನ ಗೋಧಿಬಣ್ಣ, ಅಪ್ಪನ ಮೂಗು, ಅಪ್ಪನ ಗೊರಕೆಯನ್ನೂ ಹೊತ್ತು ಬಂದ. ಒಂಬತ್ತು ತಿಂಗಳು ಹೊತ್ತವಳದೆಂದು ಅವನ ಮೈಮೇಲೆ ಒಂದು ಉಗುರೂ ಇಲ್ಲ. ಈ ಸಲವಾದರೂ ನನ್ನ ಪಾಲು ಸಿಕ್ಕಿದೆಯೋ ಇಲ್ಲವೋ, ಅದನ್ನು ಕಣ್ಣಾರೆ ನೋಡಬೇಕಿತ್ತು.

ಮಗ ಧಾರವಾಡಕ್ಕೆ ಹೋಗಿ, ಕೂಸಿನ ವಿಡಿಯೋ ಹಿಡಿದುಕೊಂಡು ಭಾನುವಾರ ಬೆಳಿಗ್ಗೆ ವಾಪಸಾದ. ಚಪ್ಪಲಿ ಬಿಡುವ ಮೊದಲೇ ಲ್ಯಾಪ್‌ಟಾಪ್ ತೆಗೆಸಿದೆ. ನನಗೋ ಎರಡೂ ಕಣ್ಣಿಗೆ ಪೊರೆ.

“ಚಂದ ಐತಲ್ಲವ್ವ?” ಅಂದ.

“ಟವೆಲ್ ಚಂದ ಐತಿ. ಕೂಸು ಎಲ್ಲೈತೊ?”

ಹಾಗಾಗಿ ಮೇಜಿನ ಮೇಲಿದ್ದ ದೊಡ್ಡ ಚಪ್ಪಟೆ ಟಿವಿಯಲ್ಲಿ ತೋರಿಸುವುದೆಂದಾಯಿತು. ಮಗ ನೀಲಿ ತಲೆಯ ದಪ್ಪ ವಯರೊಂದನ್ನು ತಂದು ಲ್ಯಾಪ್‌ಟಾಪಿಗೂ ಟಿವಿಯ ಬೆನ್ನಿಗೂ ಸಿಕ್ಕಿಸಿದ. ಸಿಗ್ನಲ್ ಇಲ್ಲ ಅಂತು ಟಿವಿ. ಅದು ಎಂದಿನಂತೆ ಕೇಬಲ್‌ನವನ ದಾರಿ ಕಾಯುತ್ತ ಕೂತಿತ್ತಂತೆ. ಇನ್ನೊಂದು ಬಾಗಿಲಲ್ಲಿ ಕಂಪ್ಯೂಟರ್ ಬಂದು ನಿಂತಿದೆ ಎಂದು ರಿಮೋಟಿನಿಂದ ತಿಳಿಸಿದ ಮೇಲೆ ಮಗ ಕಂಪ್ಯೂಟರಿನ ಹಿನ್ನೆಲೆಗೆ ಹಾಕಿಕೊಂಡಿದ್ದ ಕೆರೆಯ ಚಿತ್ರ ಕಾಣಿಸಿತು. ಬರೀ ಕೆರೆ. ಕೂಸು ಲ್ಯಾಪ್‌ಟಾಪಿನಲ್ಲೇ ಉಳಿದುಕೊಂಡಿತ್ತು.

“ಎರಡೂ ಬ್ಯಾರೆ ಬ್ಯಾರೆ ಆಗ್ಯಾವವ್ವ, ಒಂದ ಮಾಡ್ಬೇಕು.”

“ಪಾಲು ಆದ ಅಣ್ಣತಮ್ಮರನ್ನ ಒಂದ ಮಾಡಾಕ ಹೊಂಟಾನ ನೋಡ್ರಿ,” ಅಂದೆ ನಮ್ಮ ಯಜಮಾನರಿಗೆ.

ಆದರೂ ಮಾಡಿದ. ಎರಡು ಗುಂಡಿ ಒಟ್ಟಿಗೆ ಒತ್ತಿದ್ದೇ ಕೂಸು ಟಿವಿಗೆ ಬಂತು, ಕುಂಬಳಕಾಯಿಯಂತೆ ಅಡ್ಡಡ್ಡ ಹಿಗ್ಗಿಕೊಂಡು. ಬೀಗರು ಏನು ತಿನ್ನಿಸುತ್ತಿದ್ದಾರೆ ಎಂದು ಗಾಬರಿಯಾದೆ. ಚಿತ್ರದ ಅಳತೆ ಬದಲಿಸಿದ ಮೇಲೆ ಕೂಸು ಕೂಸಿನ ಆಕಾರಕ್ಕೆ ಇಳಿಯಿತು. ನಾನು ಕನ್ನಡಕ ಒರೆಸಿ ಮುಂದಕ್ಕೆ ಬಾಗಿದೆ.

ಕೂಸು ನೀಲಿ. ಟವೆಲ್ ನೀಲಿ, ತೊಟ್ಟಿಲು ನೀಲಿ, ಎತ್ತಿಕೊಂಡ ಬೀಗತಿಯೂ ನವಿಲಿನ ಕೊರಳಿನಷ್ಟು ನೀಲಿ. ಬಾಯಿ ಟಿವಿಯಲ್ಲಿ ತೆರೆಯುತ್ತಿತ್ತು, ಅಳು ಮೂಲೆಯ ಲ್ಯಾಪ್‌ಟಾಪಿನಿಂದ ಬರುತ್ತಿತ್ತು.

ಯಜಮಾನರು ಕೈ ಮುಗಿದರು. “ಸಾಕ್ಷಾತ್ ಭಗವಂತನ ಬಂದಾನ. ಕೊಳಲು ಈಗ ತರಲ್ಯೋ, ಹಲ್ಲು ಬಂದ ಮ್ಯಾಲ ತರಲ್ಯೋ?”

ಮಗ ನಗಲಿಲ್ಲ. ಬಣ್ಣದ ಸೆಟಿಂಗ್ ತಿರುವಿದ. ಕೂಸು ಹಸಿರಾಯಿತು, ಮತ್ತೆ ನೀಲಿಯಾಯಿತು. ಕಂಪ್ಯೂಟರ್ ಆರಿಸಿ ಹಚ್ಚಿದ, ಹಚ್ಚಿ ಆರಿಸಿದ. ಆಫೀಸಿನ ಗೆಳೆಯರಿಗೆ ಫೋನ್ ಹಚ್ಚಿ ಇಂಗ್ಲಿಷಿನಲ್ಲಿ ಅಲವತ್ತುಕೊಂಡ. ಮಧ್ಯಾಹ್ನದ ಅನ್ನ ಆರಿತು. ಎಲ್ಲಿಯೋ ಇರುವ ಕಂಪನಿಗಳ ಕಂಪ್ಯೂಟರ್‌ಗಳನ್ನು ಇಲ್ಲಿ ಕೂತು ರಿಪೇರಿ ಮಾಡುವವನು, ತನ್ನ ಮಗಳಿಗೆ ಮನುಷ್ಯರ ಬಣ್ಣ ಕೊಡಲಾರದೆ ಹೋದ.

ಯಜಮಾನರು ಸನತ್‌ನಗರದ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಫಿಟ್ಟರ್ ಆಗಿದ್ದವರು. ಮಷಿನ್ ಕೆಟ್ಟರೆ ಮೊದಲು ಜೋಡಣೆ ನೋಡು, ಆಮೇಲೆ ಮಷಿನ್ ಬೈ ಎಂಬುದು ಅವರ ವಿದ್ಯೆ. “ನಕ್ಕೋ ರೇ, ಬ್ಯಾಡ ಬಿಡು, ಸರಿ ಅತ್ಲಾಗ,” ಎಂದು ಮಗನನ್ನು ಎಬ್ಬಿಸಿ, ಟಿವಿಯ ಪ್ಲಗ್ ಕಿತ್ತು, ನೀಲಿ ತಲೆಯ ವಯರನ್ನು ಬಿಚ್ಚಿ ಕಿಟಕಿಯ ಬೆಳಕಿಗೆ ಹಿಡಿದರು. ಆಮೇಲೆ ಮೂಗಿಗೆ ಹಿಡಿದರು.

“ಈ ಟಿವಿಯ ಕುಂಡಿಗೆ ಪೂಜಿ ಮಾಡಿದವರು ಯಾರು?”

ಇಬ್ಬರೂ ನನ್ನತ್ತ ತಿರುಗಿದರು.

ಆಯುಧಪೂಜೆಗೆ ನಮ್ಮಲ್ಲಿ ಸುತ್ತಿಗೆ, ಮಿಕ್ಸಿ, ಸ್ಕೂಟರ್, ಟಿವಿ, ಎಲ್ಲಕ್ಕೂ ವಿಭೂತಿ ಕುಂಕುಮ. ಹೋದ ವರ್ಷ ಟಿವಿಯ ಗಾಜಿಗೆ ಹಚ್ಚಿದ್ದಕ್ಕೆ ಸೊಸೆ ಮೂರು ದಿನ ಒರೆಸಿದ್ದಳು. ಅದಕ್ಕೇ ಈ ವರ್ಷ, ಇನ್ನೂ ಕಾಲು ಮುರಿಯುವ ಮೊದಲು, ಜಾಣತನ ಮಾಡಿ ಬೆನ್ನಿಗೆ ಹಚ್ಚಿದ್ದೆ. ಅಲ್ಲಿ ಸಣ್ಣ ತೂತುಗಳ ಒಂದು ಮುದ್ದಾದ ಜಾಗ ಇತ್ತು, ದೇವರೇ ಬೊಟ್ಟಿಗೆಂದು ಮಾಡಿಟ್ಟಂತೆ. ಕಲಸಿದ ಕುಂಕುಮವನ್ನು ಹೆಬ್ಬೆರಳಿನಿಂದ ಒತ್ತಿ ಇಟ್ಟಿದ್ದೆ. ಭಕ್ತಿ ಜಾಸ್ತಿಯೇ ಆಗಿತ್ತು.

“ಒಂದೊಂದು ತೂತಿನ್ಯಾಗ ಒಂದೊಂದು ಬಣ್ಣ ಬರ್ತೈತವ್ವ,” ಎಂದು ಮಗ ತಲೆ ಹಿಡಿದುಕೊಂಡ. “ನೀ ಕೆಂಪಿಂದ ಮುಚ್ಚೀದಿ!”

ಕುಂಕುಮ ಹಚ್ಚಿ ಕೆಂಪನ್ನೇ ತಡೆದವಳು ಈ ಊರಿನಲ್ಲಿ ನಾನೊಬ್ಬಳೇ ಇರಬೇಕು. ಯಜಮಾನರು ಹೊಲಿಗೆ ಸೂಜಿಯಿಂದ ಕೆದರಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಗುಡಿಸಿ, ಬಾಯಿಂದ ಊದಿದರು. ಪುಡಿ ಹಾರಿ ಅವರ ಮೀಸೆ ಕೆಂಪಾಯಿತು. ವಯರು ಮತ್ತೆ ಸಿಕ್ಕಿಸಿದರು.

ಬಣ್ಣ ಬಂತು. ಟವೆಲ್ ಗುಲಾಬಿ. ಬೀಗತಿಯ ಕೈ ಗೋಧಿ. ಆ ಕೈಯಲ್ಲಿ ನನ್ನ ಮೊಮ್ಮಗಳು, ಹದವಾಗಿ ಹುರಿದ ಎಳ್ಳಿನ ಹಾಗೆ, ಗೋಡೆಯಷ್ಟು ಅಗಲವಾಗಿ, ಕಪ್ಪಗೆ.

ನಾನು ಎರಡೂ ಕೈ ಟಿವಿಯತ್ತ ಚಾಚಿದೆ. ಅಷ್ಟರಲ್ಲಿ ಮಗ ರಿಮೋಟಿಗೆ ಕೈ ಹಾಕಿದ.

“ಇನ್ನಾ ಸೆಟಿಂಗ್ ಸರಿ ಇಲ್ಲವ್ವ. ತಡಿ, ಬ್ರೈಟ್‌ನೆಸ್ ಏರಸ್ತೀನಿ.”

“ಮುಟ್ಟಿದ್ರ ಕೈ ಮುರೀತೀನಿ ನೋಡ!”

“ಅಲ್ಲವ್ವ, ನಿನಗ ಬ್ಯಾಸರ ಆಗ್ತದಂತ...”

ಅವನಿಗೆ ಮೊದಲೇ ಗೊತ್ತಿತ್ತು! ಧಾರವಾಡಕ್ಕೆ ಹೋಗಿ ನೋಡಿ ಬಂದವನು, ನನ್ನ ಮೊಮ್ಮಗಳು ನನ್ನ ಬಣ್ಣ ಎಂಬ ಸುದ್ದಿಯನ್ನು ಸಾವಿನ ಸುದ್ದಿಯಂತೆ ಬಚ್ಚಿಟ್ಟಿದ್ದ. ನಾನು ಅತ್ತು, ನಕ್ಕು, ಯಜಮಾನರ ಬೆನ್ನಿಗೆ ಗುದ್ದಿ, ಬೀಗತಿಗೆ ಫೋನ್ ಹಚ್ಚಿಸಿದೆ.

“ಕೂಸು ನೋಡಿದೆ ನೋಡ್ರಿ. ನನ್ನ ಬಣ್ಣ ಐತಿ!”

“ಹೌದ್ರಿ ಅಕ್ಕಾರ,” ಎಂದು ಬೀಗತಿ ದನಿ ತಗ್ಗಿಸಿದರು. “ನೀವ್ ಏನೂ ಚಿಂತಿ ಮಾಡಬ್ಯಾಡ್ರಿ. ದಿನಾ ಕಡ್ಲಿಹಿಟ್ಟು, ಹಾಲಿನ ಕೆನಿ ಹಚ್ಚಿ ತಿಕ್ಕಾಕತ್ತೀವಿ. ಬರಬರ್ತಾ ತಿಳಿ ಆಕ್ಕಾಳ.”

“ತಿಕ್ಕಬ್ಯಾಡ್ರಿ ನನ್ನ ಕೂಸಿನ್ನ!” ಅಂದೆ. “ಕೆನಿ ನೀವ ರೊಟ್ಟಿಗೆ ಹಚ್ಕೊಂಡು ತಿನ್ರಿ. ಹಿಟ್ಟಿನ್ಯಾಗ ಭಜಿ ಕರೀರಿ. ಆಕಿನ್ನ ಹೆಂಗದಾಳ ಹಂಗ ನನಗ ಕಳಸ್ರಿ.”