ಬೀಗರಿಗೆ ಕೊಟ್ಟ ಹಲಗೆಮನೆ

ಕೆರೆಯ ದಂಡೆಯ ಆ ಪ್ರವಾಸಿ ಬಿಡಾರದಲ್ಲಿ ಯಾರು ಎಲ್ಲಿ ತಂಗಬೇಕೆಂಬುದನ್ನು ನಿರ್ಧರಿಸುತ್ತಿದ್ದವಳು ಅಲ್ಲಿನ ಮೇಲ್ವಿಚಾರಕಿ. ಕೆಲಸದವರ ಬಾಯಲ್ಲಿ ಆಕೆ ಡೇರೆಯಮ್ಮ. ವಾಹನದಿಂದ ಇಳಿದವರನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದರೆ ಸಾಕು, ಅವರಿಗೊಪ್ಪುವ ಜಾಗ ಆಕೆಗೆ ಹೊಳೆದುಬಿಡುತ್ತಿತ್ತು.

ಚಿಕ್ಕ ಮಕ್ಕಳನ್ನು ಕಟ್ಟಿಕೊಂಡು ಬಂದವರಿಗೆ ಕೆರೆಯ ನೋಟಕ್ಕಿಂತ ಬಚ್ಚಲು ಹತ್ತಿರವಿರುವುದು ಮುಖ್ಯ. ಗೆಳೆಯರ ಗುಂಪಿಗೆ ನೀರಂಚಿನ ದೊಡ್ಡ ಡೇರೆಯೇ ಆಗಬೇಕು. ಅದು ಮಲಗುವುದಕ್ಕಲ್ಲ, ಹರಟುವುದಕ್ಕೆ. ನಿವೃತ್ತ ದಂಪತಿಗಳು ಒಲೆ, ಹಾಸಿಗೆ ಸಮೇತ ತಮ್ಮದೇ ವಾಹನದಲ್ಲಿ ಬಂದು, ಮನೆಯಲ್ಲಿ ಇದ್ದಂತೆಯೇ ಇದ್ದು ಹೋಗುವರು. ಬೆನ್ನಿಗೆ ಗುಡಾರ ಹೊತ್ತು ಬಂದ ಒಂಟಿ ಪ್ರಯಾಣಿಕನಿಗೆ ಕಟ್ಟಕಡೆಯ ಮೂಲೆ ತೋರಿಸಿ ಸುಮ್ಮನಾಗಬೇಕು. ಇನ್ನು ಕೆಲವರಿಗೆ ಡೇರೆಯೊಳಗೂ ಮಂಚ, ಕನ್ನಡಿ, ರತ್ನಗಂಬಳಿ ಬೇಕು. "ಇವ್ರಿಗೆ ಕಾಡು ಬೇಕು, ಇರುವೆ ಮಾತ್ರ ಬೇಡ" ಎಂದು ಆಕೆ ಮೂಗು ಮುರಿಯುತ್ತಿದ್ದಳು. ಅಜ್ಜ ಅಜ್ಜಿಯಿಂದ ಹಿಡಿದು ಮನೆಮಂದಿಯೆಲ್ಲ ಬಂದರೆ ಎರಡು ಕೋಣೆ, ಒಲೆಯಿರುವ ಮರದ ಹಲಗೆಮನೆ. ಅದಕ್ಕೆ ಎರಡನೆಯ ಮಾತಿರಲಿಲ್ಲ.

ಹಿಂದಿನ ವರ್ಷ ಮದುವೆಯಾದ ಡೇರೆಯಮ್ಮನ ಮಗಳು, ಅತ್ತೆಯ ಮನೆಯವರೊಂದಿಗೆ ಬಿಡಾರಕ್ಕೆ ಬರುವ ಮೊದಲೇ ಫೋನು ಮಾಡಿದ್ದಳು.

"ಅಮ್ಮಾ, ನಮ್ಮಿಬ್ರಿಗೆ ಒಂದು ಸಣ್ಣ ಡೇರೆ ಕೊಟ್ಬಿಡು."

"ಬೀಗರು ಬಂದಾಗ ಮಗಳು ಅಳಿಯನ್ನ ನೆಲದ ಮೇಲೆ ಮಲಗಿಸ್ಲಾ? ನನ್ನ ಮರ್ಯಾದೆ ಏನಾಗ್ಬೇಕು! ಸುಮ್ನಿರು."

ಹೀಗಾಗಿ ಹಲಗೆಮನೆಗೆ ಹೊಸ ಹೊದಿಕೆಗಳು ಬಂದವು. "ಅರಮನೇನೇ ಕೊಟ್ಬಿಟ್ರಲ್ಲ ಬೀಗಿತ್ತಿ!" ಎಂದು ಅಳಿಯನ ತಾಯಿ ಬಾಗಿಲಲ್ಲೇ ಹೊಗಳಿದಾಗ ಡೇರೆಯಮ್ಮ ನೆಲದಿಂದ ಒಂದು ಗೇಣು ಮೇಲೆಯೇ ಇದ್ದಳು.

ಮರುದಿನ ಬೆಳಿಗ್ಗೆ ಒಗೆದ ಟವೆಲುಗಳನ್ನು ಕೊಡಲು ಹೋದಳು. ಮಗಳು ಒಲೆಯ ಮುಂದಿದ್ದಳು. ಮಾವನಿಗೆ ಮತ್ತೊಮ್ಮೆ ಚಹಾ, ಗಂಡನ ಅಜ್ಜಿಗೆ ಬಿಸಿನೀರು. ಅಳಿಯ ಮೆಟ್ಟಿಲ ಮೇಲೆ ಕುಳಿತು ಬೆರಳಿನ ನೆಟಿಕೆ ಮುರಿಯುತ್ತಿದ್ದ. ರಾತ್ರಿ ಹೆಂಗಸರು ಒಳಕೋಣೆಯಲ್ಲಿ, ಗಂಡಸರು ಹೊರಕೋಣೆಯಲ್ಲಿ ಮಲಗಿದ್ದರೆಂಬುದನ್ನು ಹಾಸಿಗೆಗಳೇ ಹೇಳುತ್ತಿದ್ದವು.

"ಅಳಿಯಂದ್ರ ಜೊತೆ ಕೆರೆ ಕಡೆ ಹೋಗಿದ್ಯೇನೆ?" ತಾಯಿ ಮಗಳನ್ನು ಹೊರಗೆ ಕರೆದು ಕೇಳಿದಳು.

"ಯಾವಾಗ ಹೋಗ್ಲಿ? ಅವ್ರಿಗೆ ದೂರದ ಊರಿಗೆ ವರ್ಗ ಆಗಿದೆ. ಒಬ್ರೇ ಹೋಗ್ತಾರಂತೆ, ಮಾವ ಹೇಳಿದ್ರು. ನಾಳೆ ವಾಪಸ್ ಹೋದ ತಕ್ಷಣ ಕಚೇರಿಗೆ ಉತ್ತರ ಹೇಳ್ಬೇಕು. ನಾನೂ ಬರ್ತೀನಿ ಅಂತ ಅವ್ರಿಗೆ ಹೇಳೋಕೆ ಆ ಮನೇಲೂ ಜಾಗ ಇಲ್ಲ, ಇಲ್ಲೂ ಇಲ್ಲ. ಅದಕ್ಕೇ ಡೇರೆ ಕೇಳಿದ್ದು."

ಇಷ್ಟು ವರ್ಷ ಡೇರೆಯಮ್ಮ ಗುಂಪುಗಳನ್ನಷ್ಟೇ ನೋಡಿದ್ದಳು. ಜಾಗವನ್ನು ಕೇಳುತ್ತಿದ್ದವನು ಮಾತ್ರ ಯಾವಾಗಲೂ ವಾಹನದ ಮುಂದಿನ ಸೀಟಿನಿಂದ ಇಳಿದವನೇ. ಹಿಂದಿನ ಸೀಟಿನಲ್ಲಿ ಚೀಲಗಳ ನಡುವೆ ಕುಳಿತು ಬಂದವಳಿಗೆ ಏನು ಬೇಕೆಂದು ತಾನು ಯಾರನ್ನೂ ಕೇಳಿರಲಿಲ್ಲ. ಕೇಳದೆಯೇ ಹೇಳಿದವಳೊಬ್ಬಳಿದ್ದಳು, ಅವಳ ಬಾಯಿಯನ್ನೂ ಮುಚ್ಚಿಸಿದ್ದಾಯಿತು.

ಆಕೆ ನೇರವಾಗಿ ಒಳಗೆ ಹೋದಳು.

"ಬೀಗಿತ್ತಿ, ಮಗಳು ಅಳಿಯಂದ್ರಿಗೆ ನೀರಂಚಿನಲ್ಲಿ ಡೇರೆ ಕೊಡ್ತಿದ್ದೀನಿ."

"ಯಾಕೆ, ನಾವೇನು ನಿಮ್ಮ ಮಗಳನ್ನ ಇಲ್ಲಿ ಕಟ್ಟಿಹಾಕಿದ್ದೀವಾ?"

"ತಪ್ಪು ನಂದು. ಅವಳು ಮೊದ್ಲೇ ಕೇಳಿದ್ಲು. ನಿಮ್ಮೆದುರು ದೊಡ್ಡಸ್ತಿಕೆ ತೋರಿಸೋಕೆ ಹೋಗಿ ನಾನೇ ಕೊಡ್ಲಿಲ್ಲ."

"ಹಾಗಾದ್ರೆ ಇಲ್ಲಿ ಒಲೆ ಮುಂದೆ ಯಾರು ನಿಲ್ತಾರೆ?"

"ನಾನಿದ್ದೀನಲ್ಲ. ಇವತ್ತೊಂದಿನ ನಾನೇ ನಿಮ್ಮನೆ ಸೊಸೆ ಅಂದ್ಕೊಳ್ಳಿ. ಬೈಯೋದಿದ್ರೂ ಬೈರಿ."

ಬೀಗಿತ್ತಿ ನಗಲಿಲ್ಲ. ಒಳಕೋಣೆಯಿಂದ ಅಜ್ಜಿ ಮಾತ್ರ ಕಿಸಕ್ಕನೆ ನಕ್ಕಳು: "ಇಂಥ ಸೊಸೆ ಬಂದ್ರೆ ನಾವೇ ಎದ್ದು ಡೇರೆಗೆ ಓಡ್ಬೇಕಾಗುತ್ತೆ!"

ಸಂಜೆಗೆ ಗಂಡಹೆಂಡಿರು ತಾವೇ ಡೇರೆಯನ್ನು ನಿಲ್ಲಿಸಿದರು. ಅದು ಒಂದು ಕಡೆಗೆ ವಾಲಿತ್ತು. ಹಗ್ಗ ಬಿಗಿಯಲು ಹೊರಟ ಕೆಲಸದವನನ್ನು ಡೇರೆಯಮ್ಮ ಕಣ್ಣಲ್ಲೇ ತಡೆದಳು. ಸ್ವಲ್ಪ ಹೊತ್ತಿಗೆ ಅತ್ತಲಿಂದ ಮಗಳ ಏರುದನಿ ಕೇಳಿಸಿತು. ಅಳಿಯನ ಪ್ರತ್ಯುತ್ತರವೂ ಏರಿಯೇ ಇತ್ತು.

"ನೋಡಿದ್ರಾ? ಇಲ್ಲಿದ್ದಿದ್ರೆ ತೆಪ್ಪಗಿರ್ತಿದ್ರು" ಎಂದಳು ಬೀಗಿತ್ತಿ.

"ಹೌದು, ತೆಪ್ಪಗೇ ಇರ್ತಿದ್ರು" ಎಂದು ಡೇರೆಯಮ್ಮ ಅಜ್ಜಿಯ ಬಿಸಿನೀರನ್ನು ಚೊಂಬಿಗೆ ಬಗ್ಗಿಸಿದಳು. ಕಿವಿ ಮಾತ್ರ ಡೇರೆಯ ಕಡೆಗೇ ಇತ್ತು.

ಬೆಳಿಗ್ಗೆ ಹೊರಡುವಾಗ ಅಳಿಯ ಹತ್ತಿರ ಬಂದ. ನಿದ್ದೆಗೆಟ್ಟ ಕಣ್ಣು.

"ಅತ್ತೆ, ಆ ಊರಲ್ಲಿ ಇಬ್ರಿಗೆ ಸಾಲೋ ಮನೆ ಸಿಗೋವರೆಗೂ ಕಚೇರೀಲಿ ಟೈಮ್ ಕೇಳ್ತೀನಿ. ಇವಳಿಗೆ ನನ್ನ ಜೊತೆ ಬರೋ ಮನಸ್ಸಿದೆ ಅಂತ ನಂಗೆ ಗೊತ್ತೇ ಇರ್ಲಿಲ್ಲ."

ವಾಹನದ ಕಿಟಕಿಯ ಬಳಿ ಕುಳಿತಿದ್ದ ಬೀಗಿತ್ತಿಗೆ ಆ ಮಾತು ಕೇಳಿಸಿತು. ಬರುವಾಗ ಬಾಯ್ತುಂಬ ಹೊಗಳಿದ್ದವಳು "ಬರ್ತೀವಿ" ಎಂದೂ ಹೇಳದೆ ಗಾಜು ಏರಿಸಿಕೊಂಡಳು. ಡೇರೆಯಮ್ಮ ಅದನ್ನು ಕಂಡಳು. ಆದರೂ ವಾಹನ ಮರೆಯಾಗುವವರೆಗೆ ನೆಟ್ಟಗೆ ನಿಂತು ಕೈಬೀಸಿದಳು.