ಏರಿನಲ್ಲಿ ನಿಂತ ಗೂಡ್ಸ್ ಗಾಡಿ

ಅಣ್ಣ ತೀರಿಕೊಂಡು ಒಂಬತ್ತು ದಿನವಾಗಿತ್ತು. ಹನ್ನೊಂದನೆಯ ದಿನದ ಅಡುಗೆಗೆ ತರಕಾರಿ ತರಲು ನಾನೂ ಅಕ್ಕನ ಗಂಡನೂ ಅವರ ಕಾರಿನಲ್ಲಿ ಯಶವಂತಪುರದ ಮಾರುಕಟ್ಟೆಗೆ ಹೊರಟಿದ್ದೆವು. ಸೋಲದೇವನಹಳ್ಳಿ ದಾಟುವ ಮೊದಲೇ ರೈಲ್ವೆ ಗೇಟು ಬಿತ್ತು.

ಆಗಷ್ಟೇ ತುಂತುರು ಮಳೆ ನಿಂತು ಹಳಿ ಒದ್ದೆಯಾಗಿತ್ತು. ಸಿಮೆಂಟು ಹೇರಿದ ಗೂಡ್ಸ್ ಗಾಡಿಯೊಂದು ಏರು ಹತ್ತುತ್ತಿತ್ತು. ಮನುಷ್ಯ ನಡೆಯುವಷ್ಟೇ ವೇಗ. ಅಣ್ಣ ಕೆಲಸದಲ್ಲಿದ್ದಷ್ಟು ಕಾಲವೂ ಇಂಥ ಗಾಡಿಗಳನ್ನೇ ಓಡಿಸಿದವನು. ಗೇಟು ಬಿದ್ದರೆ ಸ್ಕೂಟರ್ ಆಫ್ ಮಾಡಿ, ಇಳಿದು, ಕೊನೆಯ ಡಬ್ಬಿ ಹೋಗುವ ತನಕ ಕಿವಿಗೊಟ್ಟು ನಿಲ್ಲುತ್ತಿದ್ದ. ಗಾಲಿ ಹಿಡಿಯುತ್ತಿದೆಯೋ ಜಾರುತ್ತಿದೆಯೋ ಅವನಿಗೆ ಸದ್ದಿನಲ್ಲೇ ಗೊತ್ತಾಗುತ್ತಿತ್ತು. ಏರಿನಲ್ಲಿ ಒಮ್ಮೆ ನಿಂತರೆ ಮತ್ತೆ ಎಳೆಯುವುದು ಬಹಳ ಕಷ್ಟ ಎನ್ನುತ್ತಿದ್ದ.

“ಏನ್ ಇಂಗ್ ತೆವಳ್ತಾ ಅದೆ. ನಿಮ್ಮಣ್ಣನೂ ಇಂಗೇ ಓಡಿಸ್ತಿದ್ನಾ?” ಎಂದರು ಭಾವ. ನಾನು ಮುಖ ತಿರುಗಿಸಿ ಕಿಟಕಿಯ ಗಾಜು ಇಳಿಸಿದೆ. “ಬೇಜಾರ್ ಮಾಡ್ಕೋಬೇಡ ಕಣೋ. ಕೂತ್ಕಂಡ್ ಹೋಗೋ ಕೆಲ್ಸ ಅಲ್ವಾ ಅವನ್ದು. ತಿರುಗ್ಸಕ್ಕೆ ಸ್ಟೇರಿಂಗೂ ಇಲ್ಲ.”

ಸಾವಿನ ಮನೆಯಲ್ಲೂ ಇದೇ ಮಾತು ಆಡಿ ನಗಿಸಿದ್ದರು. ನಾನು ತಲೆ ತಗ್ಗಿಸಿ ಕಾಫಿ ಕೊಟ್ಟಿದ್ದೆ. ಊಟದ ಡಬ್ಬಿ ಬಿಚ್ಚಲೂ ಬಿಡುವಿಲ್ಲದೆ ಹಾಗೇ ವಾಪಸು ತರುತ್ತಿದ್ದವನ ಬಗ್ಗೆ ಆಡುವ ಮಾತೇ ಅದು?

ಅಷ್ಟರಲ್ಲಿ ಪಕ್ಕದ ಬೈಕಿನ ಹಿಂದೆ ಕೂತಿದ್ದವನು, “ಇನ್ನೂ ಅಲ್ಲೈತೆ, ನುಗ್ಸು ಮಗಾ” ಎಂದ. ಬೈಕು ಗೇಟಿನಡಿ ತೂರಿ ಎಂಜಿನ್ನಿನ ಮುಂದೆಯೇ ದಾಟಿತು. ಹಿಂತಿರುಗಿ ನೋಡಲೂ ಇಲ್ಲ. ಚಾಲಕ ಬ್ರೇಕ್ ಹಾಕಿದ. ಗಾಡಿ ಏರಿನ ನಡುವೆ ನಿಂತೇ ಹೋಯಿತು.

ಆಮೇಲೆ ಶುರುವಾಯಿತು ಹಾರನ್ನು. “ಯಾವನ್ ಗುರು ಡ್ರೈವರು, ಮಲಗ್ಬಿಟ್ನಾ?” ಎಂದು ಹಿಂದಿನಿಂದ ಯಾರೋ ಕೂಗಿದರು. ಬೈಕಿನವನನ್ನು ಒಬ್ಬರೂ ಬೈಯಲಿಲ್ಲ. ಭಾವನೂ ಹಾರನ್ ಒತ್ತಿದರು. ನಾನು ಅವರ ಕೈ ಹಿಡಿದುಬಿಟ್ಟೆ.

“ಒತ್ಬೇಡಿ ಭಾವ. ಅವ್ರು ಮಲಗಿಲ್ಲ. ಅಷ್ಟು ಭಾರ ಇಟ್ಕೊಂಡು, ಆ ಇಬ್ಬರ ಜೀವ ಉಳ್ಸೋಕೆ ನಿಲ್ಸಿದಾರೆ. ಅಣ್ಣ ಮಾಡ್ತಿದ್ದಿದ್ದು ಇದನ್ನೇ. ಸ್ಟೇರಿಂಗ್ ಇಲ್ಲ ಅಂತ ಇನ್ನೊಂದ್ ಸಲ ಅನ್ಬೇಡಿ.”

ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು. ಭಾವ ಕೈ ಬಿಡಿಸಿಕೊಂಡು ಮುಂದೆ ನೋಡಿದರು.

ಎಂಜಿನ್ನು ಗುಡುಗಿತು. ಗಾಲಿ ನಿಂತಲ್ಲೇ ಗಿರ್ರನೆ ತಿರುಗಿ ಜಾರಿತು. ಹಳಿಯ ಮೇಲೆ ಮರಳು ಬಿತ್ತು; ಗಾಲಿಗೆ ಹಿಡಿತ ಸಿಗಲೆಂದು ಹೀಗೆ ಬೀಳಿಸುತ್ತಾರೆಂದು ಅಣ್ಣನೇ ಹೇಳಿದ್ದ. ಮತ್ತೆ ಜಾರಿತು. ಮೂರನೆಯ ಸಲಕ್ಕೆ ಸದ್ದು ದಪ್ಪವಾಯಿತು. ಹಿಡಿಯಿತು ಎಂದುಕೊಂಡೆ. ಒಂದು ಗೇಣು, ಆಮೇಲೆ ಒಂದು ಮಾರು, ಗಾಡಿ ಮುಂದೆ ಸರಿಯಿತು.

ಎಂಜಿನ್ನು ಗೇಟು ದಾಟಿದ್ದೇ ತಡ ಸುತ್ತಲೂ ಬೈಕು, ಕಾರುಗಳು ಸ್ಟಾರ್ಟಾದವು. ಭಾವನ ಕೈಯೂ ಕೀಲಿಗೆ ಹೋಯಿತು.

“ಕೊನೇ ಡಬ್ಬಿ ಹೋಗ್ಲಿ” ಎಂದೆ.

ಅವರು ಕೈ ಹಿಂದಕ್ಕೆ ತೆಗೆದುಕೊಂಡರು.